ಅಶಾಂತಿಯ ನಡುವೆ ಕ್ರೂಸ್ ಬುಕಿಂಗ್: ಸುದ್ದಿಗಿಂತ ಮೊದಲು ತಾರೀಖು ನೋಡಿ

ಮಾನ್ಯ ಸಂಪಾದಕರೇ,

ಎಲ್ಲೋ ಒಂದು ಕರಾವಳಿಯಲ್ಲಿ ಗಲಭೆ ಎದ್ದರೆ, ಕ್ಷಿಪಣಿ ಬಿದ್ದರೆ, ಆ ಕಡೆಗೆ ಕ್ರೂಸ್ ಬುಕ್ ಮಾಡಿದವರು ಮರುದಿನವೇ ಎರಡು ಪಂಗಡವಾಗುತ್ತಾರೆ. ಕೆಲವರು ಅಂದೇ ಫೋನ್ ಮಾಡಿ ರದ್ದು ಮಾಡಿಸಿ ಹಣ ಕಳೆದುಕೊಳ್ಳುತ್ತಾರೆ. ಉಳಿದವರು ‘ಹಡಗಿನವರೇ ನೋಡಿಕೊಳ್ಳುತ್ತಾರೆ’ ಎಂದು ಸುಮ್ಮನಿದ್ದು, ಕೊನೆಯ ವಾರದಲ್ಲಿ ಹೋಗಲೂ ಆಗದೆ ಬಿಡಲೂ ಆಗದೆ ಒದ್ದಾಡುತ್ತಾರೆ. ಪತ್ರಿಕೆಗಳ ಪ್ರವಾಸ ಪುಟಗಳೂ ‘ಈಗ ಅಲ್ಲಿಗೆ ಹೋಗಬಹುದೇ’ ಎಂಬ ಪ್ರಶ್ನೆಗೇ ನಿಂತುಬಿಡುತ್ತವೆ. ಬುಕಿಂಗ್ ಕೈಯಲ್ಲಿರುವವರಿಗೆ ಅದಕ್ಕಿಂತ ಮೊದಲು ತಿಳಿಯಬೇಕಾದದ್ದು ಬೇರೆ ಇದೆ: ಇವತ್ತೇ ನಿರ್ಧರಿಸಬೇಕೇ, ಇಲ್ಲವಾದರೆ ಯಾವ ದಿನದವರೆಗೆ ಪುಕ್ಕಟೆಯಾಗಿ ಕಾಯಬಹುದು, ಅಷ್ಟರೊಳಗೆ ಏನನ್ನು ಗಮನಿಸಬೇಕು. ಈ ಪತ್ರ ಅದರ ಬಗ್ಗೆ.

ಪ್ರಯಾಣಿಕರು ತಾವಾಗಿ ರದ್ದು ಮಾಡಿದರೆ ಕಂಪನಿ ದಂಡ ಹಿಡಿದುಕೊಳ್ಳುತ್ತದೆ. ಕಂಪನಿಯೇ ಇಡೀ ಯಾನವನ್ನು ರದ್ದು ಮಾಡಿದರೆ ಅದಕ್ಕೆ ಕಟ್ಟಿದ ಹಣ ವಾಪಸ್ ಬರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಜನ ಎಡವುವುದು ಇವೆರಡರ ನಡುವಿನ ಮೂರನೆಯ ಸಂದರ್ಭದಲ್ಲಿ. ಕಂಪನಿ ಯಾನವನ್ನು ರದ್ದು ಮಾಡುವುದಿಲ್ಲ, ಬಂದರನ್ನು ಮಾತ್ರ ಬದಲಿಸುತ್ತದೆ. ಯಾವುದೇ ಬಂದರನ್ನು ಬಿಡುವ, ಬೇರೆಯದನ್ನು ಸೇರಿಸುವ, ಕ್ರಮವನ್ನು ಹಿಂದುಮುಂದು ಮಾಡುವ ಹಕ್ಕನ್ನು ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಟಿಕೆಟ್ ಒಪ್ಪಂದದಲ್ಲಿ ತಮ್ಮ ಬಳಿಯೇ ಇಟ್ಟುಕೊಂಡಿವೆ. ಬಿಟ್ಟುಹೋದ ಬಂದರಿನ ತೆರಿಗೆ, ಶುಲ್ಕ ಮತ್ತು ಹಡಗಿನವರಿಂದಲೇ ಕೊಂಡ ಆ ಊರಿನ ಪ್ರವಾಸದ ಹಣ ಸಾಮಾನ್ಯವಾಗಿ ವಾಪಸ್ ಸಿಗುತ್ತದೆ. ಟಿಕೆಟ್ ದರದಲ್ಲಿ ಕಡಿತ ಕೇಳುವ ಹಕ್ಕು ಆ ಒಪ್ಪಂದದಲ್ಲಿ ಇರುವುದಿಲ್ಲ. ಯಾವ ಊರನ್ನು ನೋಡಲೆಂದೇ ಬುಕ್ ಮಾಡಿದ್ದರೋ ಆ ಊರೇ ಪಟ್ಟಿಯಿಂದ ಬಿದ್ದುಹೋದರೂ ಅಷ್ಟೇ. ಆದ್ದರಿಂದ ‘ಬಂದರು ಬದಲಾದರೂ ಈ ಯಾನ ನನಗೆ ಬೇಕೇ?’ ಎಂಬುದಕ್ಕೆ ಮನೆಯವರೆಲ್ಲ ಕೂತು ಮೊದಲೇ ಉತ್ತರ ಕಂಡುಕೊಳ್ಳುವುದು ಒಳ್ಳೆಯದು. ಬೇಕು ಎನ್ನುವವರ ದಾರಿ ಬೇರೆ, ಆ ಒಂದು ಊರಿಲ್ಲದೆ ಬೇಡ ಎನ್ನುವವರ ದಾರಿ ಬೇರೆ.

ಈಗ ರದ್ದತಿ ಪಟ್ಟಿಗೆ ಬರೋಣ. ಬುಕಿಂಗ್ ದೃಢೀಕರಣದ ಜೊತೆ ಅಥವಾ ಷರತ್ತುಗಳ ಪುಟದಲ್ಲಿ ಅದು ಇದ್ದೇ ಇರುತ್ತದೆ. ಬಾಕಿ ಹಣ ಪೂರ್ತಿ ಕಟ್ಟಲು ಸಾಮಾನ್ಯವಾಗಿ ಹೊರಡುವುದಕ್ಕೆ 90 ದಿನಗಳ ಆಸುಪಾಸಿನಲ್ಲಿ ಗಡುವು ಇರುತ್ತದೆ. ಉದ್ದದ ಯಾನಗಳಿಗೆ, ಹಬ್ಬದ ಸೀಸನ್ನಿಗೆ ಇನ್ನೂ ಮುಂಚೆ ಇರಬಹುದು. ಅದಕ್ಕೂ ಮೊದಲು ರದ್ದು ಮಾಡಿದರೆ ಮುಂಗಡ ವಾಪಸ್ ಬರುತ್ತದೆ, ಇಲ್ಲವೇ ಮುಂಗಡವಷ್ಟೇ ಹೋಗುತ್ತದೆ. ಅಗ್ಗದ ದರದ ಬುಕಿಂಗ್‌ಗಳಲ್ಲಿ ಮುಂಗಡ ವಾಪಸ್ಸೇ ಇಲ್ಲ ಎಂಬ ಷರತ್ತು ಈಗ ಮಾಮೂಲು. ಆಮೇಲೆ ದಂಡ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ: ಕಾಲು ಭಾಗ, ಅರ್ಧ, ಮುಕ್ಕಾಲು, ಕೊನೆಯ ಕೆಲವು ವಾರಗಳಲ್ಲಿ ಪೂರ್ತಿ. ಕಂಪನಿಯಿಂದ ಕಂಪನಿಗೆ ಅಂಕಿಗಳು ಬೇರೆ, ಏರುವ ರೀತಿ ಒಂದೇ.

ಈ ಪಟ್ಟಿಯಲ್ಲಿ ‘ಹೊರಡುವುದಕ್ಕೆ ಇಷ್ಟು ದಿನ ಮೊದಲು’ ಎಂದಷ್ಟೇ ಇರುತ್ತದೆ. ಅದನ್ನು ಕ್ಯಾಲೆಂಡರ್ ತಾರೀಖಾಗಿ ಬದಲಿಸಿ ಬರೆದುಕೊಳ್ಳಬೇಕು. ಹಡಗು ಹೊರಡುವುದು ನವೆಂಬರ್ 20 ಎಂದುಕೊಳ್ಳಿ. 90 ದಿನ ಹಿಂದೆ ಎಣಿಸಿದರೆ ಆಗಸ್ಟ್ 22. ಆದರೆ ಅದೇ ಬುಕಿಂಗ್‌ನಲ್ಲಿ ಹಡಗು ಹತ್ತುವ ಮೊದಲು ಕಂಪನಿಯದೇ ನಾಲ್ಕು ದಿನದ ನೆಲದ ಪ್ರವಾಸವೂ ಸೇರಿದ್ದರೆ ಅನೇಕ ಒಪ್ಪಂದಗಳಲ್ಲಿ ಎಣಿಕೆ ಶುರುವಾಗುವುದು ನವೆಂಬರ್ 16ರಿಂದ. ಆಗ ಗಡುವು ಆಗಸ್ಟ್ 18 ಆಗುತ್ತದೆ. ಈ ನಾಲ್ಕು ದಿನದ ವ್ಯತ್ಯಾಸ ಗೊತ್ತಿಲ್ಲದೆ ಮುಂದಿನ ಮೆಟ್ಟಿಲಿನ ದಂಡ ಕಟ್ಟುವವರಿದ್ದಾರೆ. ಗಡುವಿನ ಗಂಟೆ ಕಂಪನಿಯ ಪ್ರಧಾನ ಕಚೇರಿ ಇರುವ ದೇಶದ ಗಡಿಯಾರದ್ದೋ ನಿಮ್ಮ ಏಜೆಂಟ್ ಕಚೇರಿ ಮುಚ್ಚುವ ಹೊತ್ತಿನದೋ ಎಂದೂ ಕೇಳಿಟ್ಟುಕೊಳ್ಳಬೇಕು. ಗಡುವು ಶನಿವಾರ, ಭಾನುವಾರ ಬಿದ್ದರೆ ಏಜೆಂಟ್ ಫೋನ್ ಎತ್ತದೇ ಇರಬಹುದು. ಏಜೆಂಟ್ ಮೂಲಕ ಮಾಡಿದ ಬುಕಿಂಗನ್ನು ಕಂಪನಿ ಸಾಮಾನ್ಯವಾಗಿ ನೇರವಾಗಿ ಮುಟ್ಟುವುದಿಲ್ಲ, ಏಜೆಂಟೇ ರದ್ದು ಮಾಡಬೇಕು. ಆದ್ದರಿಂದ ಪ್ರತಿ ಗಡುವಿಗೆ ಎರಡು ಕೆಲಸದ ದಿನ ಮೊದಲಿನ ತಾರೀಖನ್ನೇ ನಿಮ್ಮ ಗಡುವೆಂದು ಗುರುತು ಮಾಡಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ಸಾಲದು. ಇಮೇಲ್ ಕಳಿಸಿ, ಕಂಪನಿಯ ರದ್ದತಿ ಸಂಖ್ಯೆ ಇರುವ ಉತ್ತರ ಬರುವವರೆಗೆ ರದ್ದಾಗಿದೆ ಎಂದು ನಂಬಬೇಡಿ. ಏಜೆಂಟ್ ತನ್ನದೇ ಪ್ರತ್ಯೇಕ ರದ್ದತಿ ಶುಲ್ಕ ಹಿಡಿಯುತ್ತಾರೆಯೇ ಎಂಬುದನ್ನೂ ಆಗಲೇ ಬರಹದಲ್ಲಿ ತರಿಸಿಕೊಳ್ಳಿ.

ಒಂದೇ ಕ್ಯಾಬಿನ್‌ನಲ್ಲಿ ಇಬ್ಬರಿದ್ದು ಒಬ್ಬರು ಮಾತ್ರ ಹಿಂದೆ ಸರಿದರೆ ಉಳಿದವರ ಮೇಲೆ ಒಂಟಿ ಪ್ರಯಾಣಿಕರ ಹೆಚ್ಚುವರಿ ದರ ಬೀಳುತ್ತದೆ. ಕೆಲವೊಮ್ಮೆ ಅದು ಎರಡನೆಯವರ ಟಿಕೆಟ್ಟಿನಷ್ಟೇ ಆಗುತ್ತದೆ. ಮನೆಯಲ್ಲಿ ಒಬ್ಬರಿಗೆ ಭಯ, ಇನ್ನೊಬ್ಬರಿಗೆ ಧೈರ್ಯ ಇರುವಾಗ ಈ ಲೆಕ್ಕ ಮುಂದೆ ಬರುತ್ತದೆ.

ತಾರೀಖುಗಳು ಮುಂದಿದ್ದರೆ ಒಂದು ಸರಳ ನಿಯಮ ತಾನೇ ಕಾಣುತ್ತದೆ. ಒಂದು ಮೆಟ್ಟಿಲಿನ ಒಳಗೆ ಮೊದಲ ದಿನ ರದ್ದು ಮಾಡಿದರೂ ಕೊನೆಯ ದಿನ ಮಾಡಿದರೂ ದಂಡ ಅಷ್ಟೇ. ಹಾಗಿರುವಾಗ ಮೊದಲ ದಿನವೇ ರದ್ದು ಮಾಡುವುದರಿಂದ ಏನೂ ಉಳಿಯುವುದಿಲ್ಲ. ಅಷ್ಟರೊಳಗೆ ಕಂಪನಿಯೇ ಯಾನ ಕೈಬಿಟ್ಟರೆ ಸಿಗಬಹುದಾಗಿದ್ದ ಪೂರ್ತಿ ಹಣ ಮಾತ್ರ ತಪ್ಪಿಹೋಗುತ್ತದೆ. ಆದ್ದರಿಂದ ನಿರ್ಧಾರದ ದಿನ ಎಂದರೆ ಮುಂದಿನ ಮೆಟ್ಟಿಲಿಗೆ ಮೊದಲು ನೀವು ಗುರುತು ಮಾಡಿಕೊಂಡ ಆ ತಾರೀಖು. ನಡುವೆ ಬರುವ ಪ್ರತಿ ಸುದ್ದಿಗೂ ಎದ್ದು ಓಡಬೇಕಿಲ್ಲ.

ಆ ದಿನ ಬಂದಾಗ ದಾಟಬೇಕೇ, ಬೇಡವೇ? ಇದಕ್ಕೂ ಲೆಕ್ಕವಿದೆ. ಟಿಕೆಟ್ಟಿಗೆ 100 ಪಾಲು ಕಟ್ಟಿದ್ದೀರಿ, ಈಗ ರದ್ದು ಮಾಡಿದರೆ 50 ಪಾಲು ಹೋಗುತ್ತದೆ, ನಾಳೆಯಿಂದ 75 ಹೋಗುತ್ತದೆ ಎಂದುಕೊಳ್ಳೋಣ. ಕಾದರೆ ಎರಡರಲ್ಲಿ ಒಂದು ಆಗುತ್ತದೆ: ಕಂಪನಿಯೇ ಯಾನ ರದ್ದು ಮಾಡಿದರೆ ನಷ್ಟ ಸೊನ್ನೆ, ಮಾಡದೇ ಇದ್ದು ಕೊನೆಗೆ ನೀವೇ ರದ್ದು ಮಾಡಿದರೆ ನಷ್ಟ 75. ಕಂಪನಿ ರದ್ದು ಮಾಡುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಮಾತ್ರ ಕಾಯುವುದು ಲಾಭ. ಏಕೆಂದರೆ ಸಾಧ್ಯತೆ ಸರಿಯಾಗಿ ಮೂರರಲ್ಲಿ ಒಂದಾದರೆ ಕಾಯುವವರ ಸರಾಸರಿ ನಷ್ಟ 75ರಲ್ಲಿ ಮೂರನೇ ಎರಡು ಪಾಲು, ಅಂದರೆ 50, ಈಗಿನ ದಂಡದಷ್ಟೇ. ಹೋಗುವುದೇ ಇಲ್ಲ ಎಂದು ಮನಸ್ಸು ಗಟ್ಟಿ ಮಾಡಿದವರಿಗೆ ಈ ಲೆಕ್ಕ. ಪರಿಸ್ಥಿತಿ ತಿಳಿಯಾದರೆ ಹೋಗುತ್ತೇನೆ ಎನ್ನುವವರಿಗೆ ಕಾಯುವುದರಲ್ಲಿ ಇನ್ನಷ್ಟು ಬೆಲೆಯಿದೆ. 75ರಿಂದ 100ಕ್ಕೆ ಏರುವ ಮೆಟ್ಟಿಲಿನಲ್ಲಿ ಹೋಲಿಕೆಯ ಅಂಕಿ ನಾಲ್ಕರಲ್ಲಿ ಒಂದಕ್ಕೆ ಇಳಿಯುತ್ತದೆ. ಕೊನೆಯ ಮೆಟ್ಟಿಲಿನ ಹತ್ತಿರ ಇರುವವರು ಸ್ವಲ್ಪ ಹೆಚ್ಚು ಗಟ್ಟಿಯಾಗಿ ಕಾಯುವುದರಲ್ಲಿ ಅರ್ಥವಿದೆ.

ಹಾಗಾದರೆ ಕಂಪನಿ ಯಾವಾಗ ರದ್ದು ಮಾಡುತ್ತದೆ, ಯಾವಾಗ ಬರೀ ಬಂದರು ಬದಲಿಸುತ್ತದೆ? ಇಡೀ ವಿಷಯದ ತಿರುಳು ಇಲ್ಲಿದೆ. ಅಶಾಂತಿ ಎಷ್ಟು ಭೀಕರ ಎಂಬುದಕ್ಕಿಂತ ಅದು ಹಡಗಿನ ದಾರಿಯ ಯಾವ ಜಾಗಕ್ಕೆ ತಗುಲಿದೆ ಎಂಬುದು ಮುಖ್ಯ.

ನಡುವಿನ ಒಂದೆರಡು ಬಂದರುಗಳಿಗೆ ತಗುಲಿದರೆ ಯಾನ ನಡೆದೇ ನಡೆಯುತ್ತದೆ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿದ ಮೇಲೆ ದೊಡ್ಡ ಕಂಪನಿಗಳು ಕೆಲವೇ ದಿನಗಳಲ್ಲಿ ಸೇಂಟ್ ಪೀಟರ್ಸ್‌ಬರ್ಗನ್ನು ಕೈಬಿಟ್ಟವು. ಬಾಲ್ಟಿಕ್ ಯಾನಗಳಿಗೆ ಕಳಶಪ್ರಾಯವಾಗಿದ್ದ ಊರು ಅದು. ಆದರೂ ಹಡಗುಗಳು ಸ್ಟಾಕ್‌ಹೋಮ್, ಹೆಲ್ಸಿಂಕಿ, ಟಾಲಿನ್ ಎಂದು ಸುತ್ತು ಹಾಕಿ ಓಡಿದವು. 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನ ಮೇಲೆ ದಾಳಿ ಮಾಡಿದ ನಂತರ ಅಲ್ಲಿನ ಹೈಫಾ, ಅಶ್ದೋದ್ ಬಂದರುಗಳು ಪಟ್ಟಿಯಿಂದ ಹೋದವು. ಅವುಗಳ ಜಾಗಕ್ಕೆ ಸೈಪ್ರಸ್, ಗ್ರೀಸ್, ತುರ್ಕಿಯ ಬಂದರುಗಳು ಬಂದವು. ಇಂಥ ಸಂದರ್ಭದಲ್ಲಿ ‘ಕಂಪನಿ ರದ್ದು ಮಾಡೀತು, ಪೂರ್ತಿ ಹಣ ಬಂದೀತು’ ಎಂದು ಕಾಯುವುದು ವ್ಯರ್ಥ. ಬದಲಿ ದಾರಿ ನಿಮಗೆ ಒಪ್ಪಿಗೆಯೇ ಎಂದಷ್ಟೇ ನೋಡಿ.

ಹತ್ತುವ ಅಥವಾ ಇಳಿಯುವ ಬಂದರೇ ತೊಂದರೆಯಲ್ಲಿದ್ದರೆ ಕಥೆ ಬೇರೆ. ಸಾವಿರಾರು ಪ್ರಯಾಣಿಕರ ವಿಮಾನ, ಹೋಟೆಲ್, ಹಡಗಿಗೆ ತುಂಬುವ ದಿನಸಿ, ಸಿಬ್ಬಂದಿ ಬದಲಾವಣೆ ಎಲ್ಲವೂ ಆ ಒಂದು ಊರಿಗೆ ಕಟ್ಟಿಹಾಕಿಕೊಂಡಿರುತ್ತವೆ. ಅದನ್ನು ಬೇರೆಡೆಗೆ ಎತ್ತಿಡುವುದು ಕಷ್ಟ. ರದ್ದಾಗುವ ಸಾಧ್ಯತೆ ಇಲ್ಲಿ ನಿಜವಾಗಿಯೂ ಹೆಚ್ಚು.

ಮೂರನೆಯದು ಜಲಮಾರ್ಗ. ಕೆಂಪು ಸಮುದ್ರದ ದಕ್ಷಿಣ ಬಾಗಿಲಾದ ಬಾಬ್ ಎಲ್ ಮಂದೆಬ್ ಜಲಸಂಧಿ ಕಿರಿದಾದ ಕಡೆ ಸುಮಾರು 30 ಕಿ.ಮೀ. ಅಗಲ. ಪರ್ಷಿಯನ್ ಕೊಲ್ಲಿಯ ಬಾಗಿಲಾದ ಹೋರ್ಮುಜ್ ಕೂಡ ಕಿರಿದಾದ ಕಡೆ 40 ಕಿ.ಮೀ. ದಾಟುವುದಿಲ್ಲ. ಇಲ್ಲಿ ತಪ್ಪಿಸಿಕೊಂಡು ಹೋಗಲು ಪಕ್ಕದ ದಾರಿಯೇ ಇಲ್ಲ. 2023ರ ನವೆಂಬರ್ 19ರಂದು ಯೆಮೆನಿನ ಹೂತಿ ಬಂಡುಕೋರರು ಗ್ಯಾಲಕ್ಸಿ ಲೀಡರ್ ಎಂಬ ವಾಹನ ಸಾಗಣೆ ಹಡಗನ್ನು ಹಿಡಿದರು. ಮುಂದೆ ವಾಣಿಜ್ಯ ಹಡಗುಗಳ ಮೇಲೆ ಸಾಲು ಸಾಲು ದಾಳಿ ನಡೆದವು. 2024ರ ವಸಂತದಲ್ಲಿ ಪರ್ಷಿಯನ್ ಕೊಲ್ಲಿಯಿಂದ, ಏಷ್ಯಾದಿಂದ ಸೂಯೆಜ್ ಕಾಲುವೆ ದಾಟಿ ಮೆಡಿಟರೇನಿಯನ್‌ಗೆ ಮರಳಬೇಕಿದ್ದ ಕ್ರೂಸ್ ಹಡಗುಗಳಲ್ಲಿ ಕೆಲವು ಯಾನಗಳು ರದ್ದಾದವು, ಕೆಲವು ಹಡಗುಗಳು ಪ್ರಯಾಣಿಕರಿಲ್ಲದೆಯೇ ಗುಡ್ ಹೋಪ್ ಭೂಶಿರ ಸುತ್ತಿ ಬಂದವು. ಇದರಲ್ಲಿ ಅನೇಕರು ಗಮನಿಸದ ಒಂದು ಸಂಗತಿಯಿದೆ. ನಿಮ್ಮ ಯಾನದ ಒಂದು ಬಂದರೂ ತೊಂದರೆಯ ಹತ್ತಿರ ಇಲ್ಲದಿರಬಹುದು, ಆದರೆ ಆ ಹಡಗು ನಿಮ್ಮ ಬಂದರಿಗೆ ಬರಬೇಕಾದ ದಾರಿ ಅಲ್ಲಿಂದ ಹಾದುಹೋಗುತ್ತಿರಬಹುದು. ಆಫ್ರಿಕಾ ಸುತ್ತಿ ಬರಲು ವಾರಕ್ಕಿಂತ ಹೆಚ್ಚು ದಿನ ಬೇಕು. ಹಡಗು ಬರದಿದ್ದರೆ ಸೀಸನ್ನಿನ ಮೊದಲ ಕೆಲವು ಯಾನಗಳು ಹೋದಂತೆ. ಹಾಗಾಗಿ ನಿಮ್ಮ ಹಡಗು ನಿಮ್ಮ ಯಾನದ ಹಿಂದಿನ ತಿಂಗಳು ಎಲ್ಲಿರುತ್ತದೆ ಎಂದು ಕಂಪನಿಯ ವೇಳಾಪಟ್ಟಿಯಲ್ಲಿ ನೋಡಿ. ಅದೇ ಹಡಗಿನ ಹಿಂದಿನ ಯಾನಗಳ ಪುಟ ತೆರೆದರೆ ಸಾಕು.

ಕಂಪನಿಯ ಪ್ರಕಟಣೆ ಬರುವ ಮೊದಲೇ ಕೆಲವು ಸೂಚನೆಗಳು ಹೊರಗೆ ಕಾಣುತ್ತವೆ. ಅನೇಕ ಬಂದರು ಆಡಳಿತಗಳು ಯಾವ ದಿನ ಯಾವ ಕ್ರೂಸ್ ಹಡಗು ಕಟ್ಟೆಗೆ ಬರುತ್ತದೆ ಎಂಬ ಪಟ್ಟಿಯನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತವೆ. ಅಲ್ಲಿ ನಿಮ್ಮ ಹಡಗಿನ ಹೆಸರು ಮಾಯವಾಗಿದ್ದರೆ, ಅದೇ ದಿನ ಪಕ್ಕದ ದೇಶದ ಬಂದರಿನಲ್ಲಿ ಕಾಣಿಸಿಕೊಂಡಿದ್ದರೆ, ಬದಲಾವಣೆ ಹೆಚ್ಚುಕಡಿಮೆ ತೀರ್ಮಾನವಾಗಿದೆ. ಆ ಊರಿನ ಪ್ರವಾಸಗಳು ಕಂಪನಿಯ ಪುಟದಿಂದ ಒಂದೇ ಸಲ ತೆಗೆದುಹಾಕಲ್ಪಟ್ಟರೂ ಅದೇ ಸೂಚನೆ. ನಿಮಗಿಂತ ಎರಡು ಮೂರು ವಾರ ಮುಂಚೆ ಅದೇ ದಾರಿಯಲ್ಲಿ ಹೊರಟ ಹಡಗು ನಿಜಕ್ಕೂ ಎಲ್ಲಿ ನಿಂತಿತು ಎಂದು ಹಡಗುಗಳ ಸ್ಥಾನ ತೋರಿಸುವ ನಕ್ಷೆಗಳಲ್ಲಿ ನೋಡಬಹುದು. ಲಂಡನ್ನಿನ ಹಡಗು ವಿಮೆದಾರರ ಜಾಯಿಂಟ್ ವಾರ್ ಕಮಿಟಿ ಅಪಾಯದ ಸಮುದ್ರಪ್ರದೇಶಗಳ ಪಟ್ಟಿ ಇಟ್ಟಿರುತ್ತದೆ. ಅದರೊಳಗೆ ಹೋಗುವ ಹಡಗಿನ ಮಾಲೀಕರು ವಿಮೆದಾರರಿಗೆ ಮೊದಲೇ ತಿಳಿಸಿ ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕಾಗಿ ಬರುತ್ತದೆ. ನಿಮ್ಮ ದಾರಿ ಆ ಪಟ್ಟಿಗೆ ಹೊಸದಾಗಿ ಸೇರಿದರೆ ಕಂಪನಿಯ ಮೇಲೆ ಒತ್ತಡ ಬಿತ್ತೆಂದೇ ತಿಳಿಯಿರಿ.

ಕಂಪನಿಗಳು ಇಷ್ಟು ತಡವಾಗಿ ಹೇಳುವುದೇಕೆ ಎಂಬ ಸಿಟ್ಟು ಜನರಲ್ಲಿದೆ. ಬದಲಿ ಬಂದರಿನಲ್ಲಿ ಕಟ್ಟೆ ಖಾಲಿ ಸಿಗಬೇಕು. ಜನಪ್ರಿಯ ಬಂದರುಗಳಲ್ಲಿ ಅದು ಬಹಳ ಮೊದಲೇ ಹಂಚಿಹೋಗಿರುತ್ತದೆ. ಬೇರೆ ಕಂಪನಿಗಳೂ ಅದೇ ಕಟ್ಟೆಗಾಗಿ ಅದೇ ವಾರ ಮುಗಿಬೀಳುತ್ತವೆ. ಸಿಗದಿದ್ದರೆ ಚಿಕ್ಕ ಊರು, ದಡದಿಂದ ದೂರ ಲಂಗರು ಹಾಕಿ ಟೆಂಡರ್ ದೋಣಿಯಲ್ಲಿ ಜನರನ್ನು ಇಳಿಸುವುದು, ಅಥವಾ ಇಡೀ ದಿನ ಸಮುದ್ರದಲ್ಲೇ ಕಳೆಯುವುದು. ಗಾಲಿಕುರ್ಚಿ ಬಳಸುವವರು, ಮೊಣಕಾಲು ನೋವಿನವರು ಟೆಂಡರ್ ದೋಣಿಯ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು, ಅಲೆ ಇದ್ದ ದಿನ ಅವರನ್ನು ಇಳಿಸದೆಯೂ ಇರಬಹುದು. ಇದೆಲ್ಲ ಕಾರಣಗಳು ನಿಜ. ಆದರೂ ಮುಂದಿನ ದಂಡದ ಮೆಟ್ಟಿಲು ದಾಟಿದ ಮಾರನೇ ದಿನ ಬದಲಾವಣೆ ಪ್ರಕಟಿಸುವುದು ಪ್ರಯಾಣಿಕರಿಗೆ ಮಾಡುವ ಅನ್ಯಾಯ. ಬಂದರು ಅನುಮಾನದಲ್ಲಿದೆ ಎಂದು ಗೊತ್ತಿರುವಾಗ ಮೆಟ್ಟಿಲನ್ನಾದರೂ ಮುಂದೂಡಬೇಕು. ಕೆಲವು ಕಂಪನಿಗಳು ಕೇಳಿದರೆ ಬಾಕಿ ಹಣದ ಗಡುವನ್ನು ಒಂದೆರಡು ವಾರ ಮುಂದೆ ಹಾಕುತ್ತವೆ. ಕೇಳದವರಿಗೆ ಆ ಸೌಲಭ್ಯ ಸಿಗುವುದಿಲ್ಲ, ಆದ್ದರಿಂದ ಕೇಳಿ.

ಸರ್ಕಾರಗಳ ಪ್ರಯಾಣ ಸಲಹೆಯನ್ನು ಶೀರ್ಷಿಕೆಯಷ್ಟೇ ಓದಿ ಬಿಡಬಾರದು. ಅಮೆರಿಕದ್ದು 1ರಿಂದ 4ರವರೆಗಿನ ಹಂತ. 3 ಎಂದರೆ ಮರುಯೋಚಿಸಿ, 4 ಎಂದರೆ ಹೋಗಬೇಡಿ. ಬ್ರಿಟನ್ ಹಂತಗಳ ಬದಲು ‘ಅತ್ಯಗತ್ಯವಲ್ಲದ ಪ್ರಯಾಣ ಬೇಡ’, ‘ಯಾವ ಪ್ರಯಾಣವೂ ಬೇಡ’ ಎಂದು ಪ್ರದೇಶವಾರು ಹೇಳುತ್ತದೆ. ದೇಶಕ್ಕೆ ಒಂದು ಹಂತವಿದ್ದರೂ ಅದರೊಳಗಿನ ಗಡಿಜಿಲ್ಲೆಗೆ ಇನ್ನೊಂದು ಇರುತ್ತದೆ. ತುರ್ಕಿಯ ಸಿರಿಯಾ ಗಡಿಗೆ ಕೊಟ್ಟ ಎಚ್ಚರಿಕೆ ನೂರಾರು ಕಿ.ಮೀ. ದೂರದ ಏಜಿಯನ್ ತೀರದ ಕುಶಾದಸಿಗೆ ಅನ್ವಯಿಸುವುದಿಲ್ಲ. ಸಲಹೆಯ ತಾರೀಖು, ಪ್ರದೇಶ, ಹಿಂದಿನದಕ್ಕಿಂತ ಏನು ಬದಲಾಗಿದೆ ಎಂಬ ಸಾಲು, ಈ ಮೂರನ್ನು ಓದಿ. ನಿಮ್ಮ ಪತ್ರಿಕೆಯೂ ಇಂಥ ಸಲಹೆಯನ್ನು ಸುದ್ದಿ ಮಾಡುವಾಗ ದೇಶದ ಹೆಸರಿನ ಜೊತೆ ಪ್ರದೇಶ ಮತ್ತು ತಾರೀಖನ್ನು ಹಾಕಿದರೆ ಓದುಗರಿಗೆ ದೊಡ್ಡ ಉಪಕಾರವಾಗುತ್ತದೆ ಎಂದು ಕೋರುತ್ತೇನೆ.

ಯಾವ ಸರ್ಕಾರದ ಸಲಹೆ ಎಂಬುದೂ ಮುಖ್ಯ. ನಿಮ್ಮ ವಿಮೆ ಪಾಲಿಸಿ ಯಾವ ದೇಶದ ಸಲಹೆಯನ್ನು ಹೆಸರಿಸಿದೆಯೋ ಅದೇ ಲೆಕ್ಕಕ್ಕೆ ಬರುತ್ತದೆ. ‘ಹೋಗಬೇಡಿ’ ಎಂದ ಮೇಲೂ ಹೋದರೆ ಅನೇಕ ಪಾಲಿಸಿಗಳಲ್ಲಿ ವಿಮೆ ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಕಾಲು ಮುರಿದು ಆಸ್ಪತ್ರೆ ಸೇರಿದರೂ, ಗಲಭೆಗೂ ಅದಕ್ಕೂ ಸಂಬಂಧವಿಲ್ಲದಿದ್ದರೂ, ಕ್ಲೇಮ್ ತಿರಸ್ಕೃತವಾಗಬಹುದು.

ವಿಮೆಯಲ್ಲಿ ಜನರಿಗೆ ಆಗುವ ನಿರಾಶೆಗೆ ಮುಖ್ಯವಾಗಿ ಮೂರು ಕಾರಣ. ಒಂದು, ಘಟನೆ ಸುದ್ದಿಯಾದ ಮೇಲೆ ಕೊಂಡ ಪಾಲಿಸಿ ಆ ಘಟನೆಗೆ ಸಲ್ಲುವುದಿಲ್ಲ. ವಿಮೆದಾರರು ‘ಈ ದಿನದಿಂದ ಇದು ತಿಳಿದ ಘಟನೆ’ ಎಂದು ಒಂದು ತಾರೀಖು ಗೊತ್ತುಮಾಡುತ್ತಾರೆ. ಎರಡು, ಯುದ್ಧವನ್ನು ಬಹುತೇಕ ಪಾಲಿಸಿಗಳು ಹೊರಗಿಟ್ಟಿವೆ, ಘೋಷಿಸದ ಯುದ್ಧವನ್ನೂ ಸೇರಿಸಿ. ಭಯೋತ್ಪಾದನೆಗೆ ರಕ್ಷಣೆ ಇರುವ ಪಾಲಿಸಿಗಳಲ್ಲೂ ದಾಳಿ ನಿಮ್ಮ ಟಿಕೆಟ್ಟಿನಲ್ಲಿರುವ ಊರಿನಲ್ಲೇ ಆಗಿರಬೇಕು, ನೀವು ಅಲ್ಲಿಗೆ ತಲುಪುವುದಕ್ಕೆ ಮುಂಚಿನ ಇಂತಿಷ್ಟು ದಿನಗಳ ಒಳಗೆ, ಅನೇಕ ಕಡೆ 30 ದಿನ, ಆಗಿರಬೇಕು ಎಂಬ ಷರತ್ತಿರುತ್ತದೆ. ಪಕ್ಕದ ಊರಿನ ದಾಳಿ ಲೆಕ್ಕಕ್ಕಿಲ್ಲ. ಮೂರು, ಹೆದರಿಕೆ ಎಂಬುದು ಸಾಮಾನ್ಯ ಪಾಲಿಸಿಯಲ್ಲಿ ರದ್ದತಿಗೆ ಕಾರಣವೇ ಅಲ್ಲ.

ಈ ಮೂರನೆಯದಕ್ಕೆ ಮದ್ದು ‘ಯಾವುದೇ ಕಾರಣಕ್ಕೆ ರದ್ದು’ ಎಂಬ ಹೆಚ್ಚುವರಿ ರಕ್ಷಣೆ. ಅಮೆರಿಕದ ಮಾರುಕಟ್ಟೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ಇದು ಕಳೆದುಕೊಂಡ ಹಣದಲ್ಲಿ 50ರಿಂದ 75 ಶೇಕಡಾ ಕೊಡುತ್ತದೆ. ಷರತ್ತುಗಳು ಬಿಗಿ: ಮೊದಲ ಮುಂಗಡ ಕಟ್ಟಿದ ಸಾಮಾನ್ಯವಾಗಿ 14ರಿಂದ 21 ದಿನಗಳೊಳಗೆ ಕೊಂಡಿರಬೇಕು, ವಾಪಸ್ ಬಾರದ ಪೂರ್ತಿ ಮೊತ್ತಕ್ಕೆ ವಿಮೆ ಮಾಡಿಸಿರಬೇಕು, ಹೊರಡುವುದಕ್ಕೆ ಕನಿಷ್ಠ 48 ಗಂಟೆ ಮೊದಲು ರದ್ದು ಮಾಡಿರಬೇಕು. ಈಗಾಗಲೇ ತಿಂಗಳುಗಳ ಹಿಂದೆ ಬುಕ್ ಮಾಡಿದವರಿಗೆ ಈ ಬಾಗಿಲು ಮುಚ್ಚಿದೆ. ಹೊಸದಾಗಿ ಬುಕ್ ಮಾಡುವವರು ಮುಂಗಡ ಕಟ್ಟಿದ ವಾರವೇ ಕೇಳಿ ನೋಡಬೇಕು. ವಿಮೆ ಕಂಪನಿಗೆ ಪ್ರಶ್ನೆ ಕೇಳುವಾಗ ‘ಗಲಭೆಗೆ ಕವರ್ ಇದೆಯೇ’ ಎಂದರೆ ಹಾರಿಕೆಯ ಉತ್ತರ ಬರುತ್ತದೆ. ‘ಈ ಪಾಲಿಸಿ ಸಂಖ್ಯೆ, ಈ ಬಂದರು, ಈ ತಾರೀಖು, ಹಡಗು ಹೊರಡುತ್ತದೆ ಆದರೆ ನಾನು ಹೋಗುವುದಿಲ್ಲ, ಕೊಡುತ್ತೀರಾ?’ ಎಂದು ಇಮೇಲ್‌ನಲ್ಲಿ ಕೇಳಿ.

ಬುಕಿಂಗ್ ಎಲ್ಲಿ ಮಾಡಿದ್ದು ಎಂಬುದರ ಮೇಲೆ ಕಾನೂನಿನ ಬಲವೂ ಬದಲಾಗುತ್ತದೆ. ಒಂದೇ ಹಡಗು, ಅಕ್ಕಪಕ್ಕದ ಕ್ಯಾಬಿನ್, ಆದರೆ ಹಕ್ಕು ಬೇರೆ ಬೇರೆ. ಯುರೋಪಿಯನ್ ಒಕ್ಕೂಟದ 2015ರ ಪ್ಯಾಕೇಜ್ ಪ್ರವಾಸ ನಿರ್ದೇಶನದ ಪ್ರಕಾರ, ಹೋಗುವ ಜಾಗದಲ್ಲಿ ಅಥವಾ ಅದರ ತೀರಾ ಹತ್ತಿರದಲ್ಲಿ ತಪ್ಪಿಸಲಾಗದ ಅಸಾಧಾರಣ ಪರಿಸ್ಥಿತಿ ಇದ್ದು ಅದು ಪ್ರವಾಸಕ್ಕೆ ಗಣನೀಯ ಅಡ್ಡಿಯಾದರೆ ಪ್ರಯಾಣಿಕರು ದಂಡವಿಲ್ಲದೆ ಹಿಂದೆ ಸರಿಯಬಹುದು. ಯುದ್ಧ, ಭಯೋತ್ಪಾದನೆಯನ್ನು ಅದು ಉದಾಹರಣೆಯಾಗಿ ಹೆಸರಿಸುತ್ತದೆ. ಹೊರಡುವ ಮೊದಲು ಪ್ರವಾಸದ ಮುಖ್ಯ ಅಂಶಗಳನ್ನು ಗಣನೀಯವಾಗಿ ಬದಲಿಸಬೇಕಾಗಿ ಬಂದರೂ ಹಣ ವಾಪಸ್ ಪಡೆಯುವ ಆಯ್ಕೆ ಕೊಡಬೇಕು. ಬ್ರಿಟನ್ನಿನ 2018ರ ನಿಯಮಗಳೂ ಇದೇ ದಾರಿಯವು. ಏಳು ಬಂದರುಗಳಲ್ಲಿ ಒಂದು ಬದಲಾದರೆ ಅದು ‘ಗಣನೀಯ’ವೇ ಎಂಬುದು ವಾದದ ವಿಷಯ. ನಾಲ್ಕು ಬದಲಾದರೆ, ಅಥವಾ ಯಾನದ ಹೆಸರಿನಲ್ಲೇ ಇರುವ ಊರು ಹೋದರೆ, ವಾದಕ್ಕೆ ಬಲ ಹೆಚ್ಚು. ಕಂಪನಿಯ ಪತ್ರ ಬಂದಾಗ ‘ಒಪ್ಪುತ್ತೇನೆ’ ಎಂಬ ಗುಂಡಿ ಒತ್ತುವ ಮೊದಲು ಇದನ್ನು ಯೋಚಿಸಿ, ಒತ್ತಿದ ಮೇಲೆ ವಾದಿಸುವುದು ಕಷ್ಟ. ಅಮೆರಿಕದ ಬಂದರುಗಳಿಂದ ಹತ್ತುವ ಯಾನಗಳಿಗೆ ಅಲ್ಲಿನ ಫೆಡರಲ್ ಮ್ಯಾರಿಟೈಮ್ ಕಮಿಷನ್ 2022ರಲ್ಲಿ ನಿಯಮ ಮಾಡಿದೆ: ಯಾನ ರದ್ದಾದರೆ ಅಥವಾ ಹತ್ತುವುದು ಮೂರು ದಿನ ಅಥವಾ ಹೆಚ್ಚು ತಡವಾದರೆ ರಿಫಂಡ್ ಕೇಳಬಹುದು. ಬಂದರು ಬದಲಾವಣೆ ಅದರಲ್ಲಿ ಬರುವುದಿಲ್ಲ.

ಹಣದ ಬದಲು ‘ಫ್ಯೂಚರ್ ಕ್ರೂಸ್ ಕ್ರೆಡಿಟ್’ (ಮುಂದಿನ ಯಾನಕ್ಕೆ ಬಳಸುವ ಜಮೆ) ಕೊಡುತ್ತೇವೆ, ಮೇಲೆ ಇಷ್ಟು ಶೇಕಡಾ ಹೆಚ್ಚಿಗೆ ಎಂಬ ಆಹ್ವಾನ ಬರುವುದುಂಟು. ಅದರ ಅವಧಿ ಮುಗಿಯುವುದು ಬುಕ್ ಮಾಡುವ ದಿನದ ಲೆಕ್ಕವೋ ಹೊರಡುವ ದಿನದ ಲೆಕ್ಕವೋ, ತೆರಿಗೆಗೆ ಬಳಸಬಹುದೇ, ಬೇರೆಯವರ ಹೆಸರಿಗೆ ವರ್ಗಾಯಿಸಬಹುದೇ ಎಂದು ನೋಡಿ. ಕ್ರೆಡಿಟ್ ಒಪ್ಪಿಕೊಂಡರೆ ‘ನಿಮಗೆ ಪರಿಹಾರ ಸಿಕ್ಕಿದೆ’ ಎಂದು ವಿಮೆ ಕಂಪನಿ ಕ್ಲೇಮನ್ನು ತಳ್ಳಿಹಾಕಬಹುದು. ಬಾಕಿ ಹಣ ಕಟ್ಟುವ ಗಡುವಿಗೆ ಮೊದಲಾದರೆ ಇದಕ್ಕಿಂತ ಒಳ್ಳೆಯ ದಾರಿ, ಅದೇ ಮುಂಗಡವನ್ನು ಬೇರೆ ತಾರೀಖಿನ ಅಥವಾ ಬೇರೆ ಸಮುದ್ರದ ಯಾನಕ್ಕೆ ಬದಲಿಸಿಕೊಡಲು ಕೇಳುವುದು. ಅನೇಕ ಕಂಪನಿಗಳು ಸಣ್ಣ ಶುಲ್ಕಕ್ಕೆ ಇದನ್ನು ಮಾಡುತ್ತವೆ.

ಈಗ ವಿಮಾನ. ನನ್ನ ದೃಷ್ಟಿಯಲ್ಲಿ ಅಶಾಂತಿಯ ಕಾಲದಲ್ಲಿ ಮೊದಲು ಕೈಕೊಡುವುದು ಇದೇ. ಹಡಗು ನೂರಾರು ಕಿ.ಮೀ. ದೂರ ಸರಿದು ಹೋಗಬಲ್ಲದು, ವಿಮಾನಕ್ಕೆ ಆಕಾಶವೇ ಮುಚ್ಚುತ್ತದೆ. ಇಸ್ರೇಲ್-ಇರಾನ್ ಕಾದಾಟ ಶುರುವಾದ 2025ರ ಜೂನ್ 13ರಂದು ಇಸ್ರೇಲ್, ಇರಾನ್, ಇರಾಕ್, ಜೋರ್ಡಾನ್‌ಗಳ ವಾಯುಪ್ರದೇಶ ಮುಚ್ಚಿತು. ಜೂನ್ 23ರಂದು ಕತಾರ್ ತನ್ನ ವಾಯುಪ್ರದೇಶ ಮುಚ್ಚಿದಾಗ ಕೆಲವೇ ಗಂಟೆಗಳ ಅವಧಿಯಾದರೂ ದೋಹಾ ಮೂಲಕ ಎಲ್ಲೆಲ್ಲಿಗೋ ಹೊರಟವರು ಮಧ್ಯದಲ್ಲಿ ಸಿಕ್ಕಿಕೊಂಡರು. ಅವರಲ್ಲಿ ಬಹುಪಾಲು ಜನರ ಗುರಿ ಆ ಪ್ರದೇಶವೇ ಆಗಿರಲಿಲ್ಲ. ಆದ್ದರಿಂದ ಹಡಗಿನ ದಾರಿಯನ್ನಷ್ಟೇ ನೋಡದೆ ವಿಮಾನ ಎಲ್ಲಿ ಇಳಿದು ಬದಲಾಗುತ್ತದೆ ಎಂಬುದನ್ನೂ ನೋಡಿ. ಹೋಗುವುದಕ್ಕೂ ಬರುವುದಕ್ಕೂ ಒಂದೇ ಟಿಕೆಟ್ ಸಂಖ್ಯೆ ಇರಲಿ. ಎರಡು ಬೇರೆ ಟಿಕೆಟ್‌ಗಳನ್ನು ಜೋಡಿಸಿಕೊಂಡರೆ ಮೊದಲನೆಯದು ತಪ್ಪಿದಾಗ ಎರಡನೆಯ ಕಂಪನಿ ಕೈತೊಳೆದುಕೊಳ್ಳುತ್ತದೆ. ಹಡಗು ಹೊರಡುವ ದಿನವೇ ಇಳಿಯುವ ವಿಮಾನ ಬೇಡ. ಮಾಮೂಲು ದಿನಗಳಲ್ಲಿ ಒಂದು ದಿನ ಮೊದಲು, ಇಂಥ ದಿನಗಳಲ್ಲಿ ಎರಡು ದಿನ ಮೊದಲು ತಲುಪಿ. ಹಡಗಿನ ಕಂಪನಿಯಿಂದಲೇ ವಿಮಾನ ಕೊಂಡರೆ, ತಡವಾದಾಗ ಮುಂದಿನ ಬಂದರಿಗೆ ತಲುಪಿಸುವ ವ್ಯವಸ್ಥೆಗೆ ಸಾಮಾನ್ಯವಾಗಿ ಅವರೇ ಕೈಹಾಕುತ್ತಾರೆ. ಸ್ವಲ್ಪ ದುಬಾರಿಯಾದರೂ ಈ ಸಂದರ್ಭಕ್ಕೆ ಅದೇ ವಾಸಿ. ಯುರೋಪಿಯನ್ ಒಕ್ಕೂಟದಿಂದ ಹೊರಡುವ ವಿಮಾನ ರದ್ದಾದರೆ, ಕಾರಣ ಯುದ್ಧವೇ ಆಗಿದ್ದರೂ, ರಿಫಂಡ್ ಅಥವಾ ಬದಲಿ ವಿಮಾನ, ಕಾಯುವಾಗ ಊಟ ಮತ್ತು ವಸತಿ ಕೊಡುವುದು ವಿಮಾನ ಕಂಪನಿಯ ಹೊಣೆ. ನಗದು ಪರಿಹಾರ ಮಾತ್ರ ಸಿಗುವುದಿಲ್ಲ.

ಹಡಗು ರದ್ದಾದರೂ ಬೇರೆಯಾಗಿ ಕೊಂಡ ವಿಮಾನದ ಟಿಕೆಟ್ ರದ್ದಾಗುವುದಿಲ್ಲ. ಇದು ಅತಿ ಹೆಚ್ಚು ಜನ ಮರೆಯುವ ನಷ್ಟ. ಅದಕ್ಕಾಗಿಯೇ ಅನುಮಾನವಿರುವ ಯಾನಕ್ಕೆ ವಿಮಾನದ ಟಿಕೆಟನ್ನು ತಾರೀಖು ಬದಲಿಸಬಹುದಾದ ದರದಲ್ಲಿ, ಹೋಟೆಲನ್ನು ಕೊನೆಯ ದಿನದವರೆಗೆ ರದ್ದು ಮಾಡಬಹುದಾದ ದರದಲ್ಲಿ ಕೊಳ್ಳಬೇಕು.

ವೀಸಾ ವಿಷಯವನ್ನೂ ಬದಲಿ ಬಂದರು ಎಬ್ಬಿಸುತ್ತದೆ. ಷೆಂಗೆನ್ ಪ್ರದೇಶದಿಂದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಹೊರಟು, ತುರ್ಕಿ ಮುಟ್ಟಿ, ಮತ್ತೆ ಗ್ರೀಸಿಗೆ ಬರುವ ಯಾನಕ್ಕೆ ಒಂದೇ ಪ್ರವೇಶದ ವೀಸಾ ಸಾಲದು. ಮೊದಲ ಪಟ್ಟಿಯಲ್ಲಿ ಎಲ್ಲ ಬಂದರುಗಳೂ ಷೆಂಗೆನ್ ಒಳಗೇ ಇದ್ದವೆಂದು ಒಂದೇ ಪ್ರವೇಶದ ವೀಸಾ ತೆಗೆದುಕೊಂಡವರು ಬದಲಾವಣೆಯ ನಂತರ ತೊಂದರೆಗೆ ಬೀಳುತ್ತಾರೆ, ಕೆಲವೊಮ್ಮೆ ಹಡಗು ಹತ್ತುವ ಕೌಂಟರಿನಲ್ಲೇ ತಡೆಯುತ್ತಾರೆ. ವೀಸಾ ಬೇಕಾಗುವ ಪಾಸ್‌ಪೋರ್ಟ್ ಇದ್ದವರು ಮೊದಲೇ ಹಲವು ಪ್ರವೇಶದ ವೀಸಾ ಕೇಳುವುದು ಕ್ಷೇಮ.

ಲೆಕ್ಕ ಏನೇ ಹೇಳಲಿ, ಕೆಲವರು ಹಣ ಹೋದರೂ ಬಿಡಬೇಕು. ನಿಯಮಿತವಾಗಿ ಡಯಾಲಿಸಿಸ್, ಆಮ್ಲಜನಕ ಬೇಕಾದವರು, ತಂಪಿನಲ್ಲಿಡಬೇಕಾದ ಔಷಧ ಎಣಿಸಿ ತಂದವರು, ಗರ್ಭಿಣಿಯರು, ಮರಳುವ ತಾರೀಖು ಒಂದು ದಿನವೂ ಅಲುಗಾಡಬಾರದವರು. ಹಡಗು ನಾಲ್ಕು ದಿನ ತಡವಾಗಿ ಬೇರೆ ದೇಶದ ಬಂದರಿನಲ್ಲಿ ಇಳಿಸಿದರೆ ಇವರಿಗೆ ಅದು ಬರೀ ಅನಾನುಕೂಲವಲ್ಲ. ಹತ್ತುವ ಬಂದರಿಗೇ ‘ಹೋಗಬೇಡಿ’ ಸಲಹೆ ಬಂದಿದ್ದರೆ ಯಾರೂ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆ ಬಂದ ದಿನವೇ ಕಂಪನಿಗೂ ವಿಮೆದಾರರಿಗೂ ಬರೆಯಿರಿ, ಆ ಸಲಹೆಯ ಪುಟವನ್ನು ತಾರೀಖು ಕಾಣುವಂತೆ ಉಳಿಸಿಡಿ, ಏಕೆಂದರೆ ಅದೇ ಪುಟ ಮುಂದೆ ಬದಲಾಗುತ್ತದೆ.

ಹೋಗುವವರಿಗೆ ಅಪಾಯ ಹೆಚ್ಚಿರುವುದು ಸಮುದ್ರಕ್ಕಿಂತ ದಡದಲ್ಲಿ. 2015ರ ಮಾರ್ಚ್ 18ರಂದು ಟ್ಯುನಿಸ್‌ನ ಬಾರ್ಡೋ ಮ್ಯೂಸಿಯಂ ಮೇಲಿನ ದಾಳಿಯಲ್ಲಿ ಸತ್ತವರಲ್ಲಿ ಎರಡು ಕ್ರೂಸ್ ಹಡಗುಗಳಿಂದ ಇಳಿದು ಬಂದ ಪ್ರಯಾಣಿಕರು ಇದ್ದರು. ಕ್ರೂಸ್ ಹಡಗು ಯಾವ ದಿನ, ಯಾವ ಹೊತ್ತಿಗೆ ಬರುತ್ತದೆ, ಬಸ್ಸುಗಳು ಎಲ್ಲಿಗೆ ಹೋಗುತ್ತವೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಅನುಮಾನವಿರುವ ಬಂದರಿನಲ್ಲಿ ಹಡಗಿನಲ್ಲೇ ಉಳಿಯುವುದು ಸಾಮಾನ್ಯವಾಗಿ ನಿಮ್ಮ ಕೈಯಲ್ಲಿರುವ ಆಯ್ಕೆ, ಅದಕ್ಕಾಗಿ ಇಡೀ ಯಾನವನ್ನು ರದ್ದು ಮಾಡಬೇಕಿಲ್ಲ. ಇಳಿಯುವುದಾದರೆ ಹಡಗಿನವರ ಪ್ರವಾಸದಲ್ಲೇ ಹೋಗಿ. ಅದರ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ದಾರಿಯಲ್ಲಿ ಗಲಾಟೆ ಎದ್ದರೆ ಬಸ್ಸಿಗೆ ಸುದ್ದಿ ಮುಟ್ಟುತ್ತದೆ. ಪಾಸ್‌ಪೋರ್ಟ್ ಹಡಗಿನವರ ಬಳಿ ಇದ್ದರೆ ಅದರ ನಕಲು ಪ್ರತಿ, ಒಂದು ದಿನದ ಔಷಧ, ದಿನದ ಕಾರ್ಯಕ್ರಮ ಪತ್ರದಲ್ಲಿ ಅಚ್ಚಾಗಿರುವ ಬಂದರು ಏಜೆಂಟರ ಫೋನ್ ಸಂಖ್ಯೆ ಕಿಸೆಯಲ್ಲಿರಲಿ. ಸ್ಥಳೀಯ ಸಮಯವೂ ಹಡಗಿನ ಸಮಯವೂ ಒಂದೇ ಇಲ್ಲದಿರಬಹುದು, ಮರಳುವ ಹೊತ್ತನ್ನು ಹಡಗಿನ ಗಡಿಯಾರದಲ್ಲೇ ನೋಡಿಕೊಳ್ಳಿ. ಒಟ್ಟು ಔಷಧವನ್ನು ಯಾನದ ದಿನಗಳಿಗಿಂತ ಕನಿಷ್ಠ ಹತ್ತು ದಿನಕ್ಕೆ ಹೆಚ್ಚು ತೆಗೆದುಕೊಂಡು, ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಹಡಗಿನ ಔಷಧಾಲಯದಲ್ಲಿ ನಿತ್ಯದ ಮಾತ್ರೆಗಳೆಲ್ಲ ಸಿಗುವುದಿಲ್ಲ.

ಇಂತಿ,
ಹಡಗು ಪ್ರವಾಸದ ಬುಕಿಂಗ್ ವ್ಯವಹಾರ ಬಲ್ಲ ಒಬ್ಬ ಓದುಗ